ಡೆನಿಸ್ ರಿಚಿ: ಕೀಲಿ ಕೊಡದೆ ಒಳಮನೆಯ ಕೆಲಸ ಮಾಡಿಸಿದ ಮನುಷ್ಯ

ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತ ಒಬ್ಬ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೊರಟಿದ್ದಾನೆ ಅಂದುಕೊಳ್ಳಿ. ಆ ಯಂತ್ರದ ಎಲ್ಲ ಬಳಕೆದಾರರ ಪಾಸ್‌ವರ್ಡ್ ವಿವರ ಒಂದೇ ಫೈಲ್‌ನಲ್ಲಿರುತ್ತದೆ. ಅದನ್ನು ತಿದ್ದುವ ಅನುಮತಿ ಇವನಿಗಿಲ್ಲ. ತಿದ್ದೋದು ಹಾಗಿರಲಿ, ತೆರೆದು ನೋಡುವ ಅನುಮತಿಯೂ ಇಲ್ಲ. ಆದರೂ ಒಂದು ಕಮಾಂಡ್ ಕೊಟ್ಟರೆ ಅವನ ಪಾಸ್‌ವರ್ಡ್ ಬದಲಾಗಿಬಿಡುತ್ತದೆ. ಪಕ್ಕದವನ ಸಾಲಿಗೆ ಏನೂ ಆಗುವುದಿಲ್ಲ. ಹಾಗಾದರೆ ಮುಟ್ಟಬಾರದ ಫೈಲನ್ನು ಮುಟ್ಟಿದ್ದು ಯಾರು?

ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಂಡರೆ ಉತ್ತರ ಸುಲಭ. ಹಳೆಯ ಪಹಣಿಯ ನಕಲು ಬೇಕೆಂದು ಹೋದ ರೈತನನ್ನು ಯಾರೂ ಒಳಗೆ ಬಿಡುವುದಿಲ್ಲ. ಅರ್ಜಿ ಕೊಟ್ಟರೆ ಗುಮಾಸ್ತ ಒಳಗೆ ಹೋಗಿ, ಬೇಕಾದ ಒಂದು ಹಾಳೆ ಹುಡುಕಿ, ನಕಲು ಮಾಡಿ ತಂದುಕೊಡುತ್ತಾನೆ. ಕೆಲಸ ರೈತನದು, ಅಧಿಕಾರ ಕಚೇರಿಯದು. ಗುಮಾಸ್ತ ನೆಟ್ಟಗಿದ್ದರೆ ಇಬ್ಬರಿಗೂ ಕ್ಷೇಮ. ಇಲ್ಲದಿದ್ದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕಂಪ್ಯೂಟರಿನೊಳಗೆ ಇಂಥ ಗುಮಾಸ್ತನನ್ನು ಕೂರಿಸಿದವರು ಡೆನಿಸ್ ರಿಚಿ. ಸಿ ಭಾಷೆಯ ಜನಕ, ಕೆನ್ ಥಾಂಪ್ಸನ್ ಜೊತೆ ಸೇರಿ ಯುನಿಕ್ಸ್ ಕಟ್ಟಿದವರು ಅಂತ ನಮ್ಮ ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೂ ಅವರ ಹೆಸರು ಪರಿಚಿತ. ಆದರೆ ಸಿ ಭಾಷೆಗೆ ಅವರು ಪೇಟೆಂಟ್ ಪಡೆಯಲಿಲ್ಲ. ಅವರೊಬ್ಬರ ಹೆಸರಿನಲ್ಲೇ ಬಂದ ಪೇಟೆಂಟ್ ಇರುವುದು ಈ ಗುಮಾಸ್ತನ ಮೇಲೆ. ಫೈಲ್‌ಗೆ ಅಂಟಿಸುವ ಒಂದೇ ಒಂದು ಬಿಟ್, ಅಂದ್ರೆ ಸೊನ್ನೆ ಅಥವಾ ಒಂದು. ಅಷ್ಟೇ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮಿಟ್ ಪಟ್ಟಣದಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚಿಂಗ್ ಸರ್ಕ್ಯೂಟ್‌ಗಳ ಬಗ್ಗೆ ಸಹಲೇಖಕರಾಗಿ ಪುಸ್ತಕ ಬರೆದವರು. ಮಗ ಹಾರ್ವರ್ಡ್‌ಗೆ ಹೋಗಿ ಭೌತಶಾಸ್ತ್ರ ಓದಿದ, ಮುಂದೆ ಆನ್ವಯಿಕ ಗಣಿತದಲ್ಲಿ ಸಂಶೋಧನೆಗೆ ಕೂತ. 1968ರಲ್ಲಿ ಪ್ರಬಂಧವೂ ಸಿದ್ಧವಾಯಿತು, ಒಪ್ಪಿಗೆಯೂ ಸಿಕ್ಕಿತು. ಆದರೆ ಬೈಂಡ್ ಮಾಡಿಸಿದ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಬೇಕೆಂಬ ನಿಯಮವಿತ್ತಲ್ಲ, ಅದನ್ನು ಅವರು ಪೂರೈಸಲೇ ಇಲ್ಲ. ಹಾಗಾಗಿ ಡಾಕ್ಟರೇಟ್ ಬರಲಿಲ್ಲ. ಆ ಪ್ರಬಂಧ ಎಲ್ಲಿದೆ ಅನ್ನೋದೇ ದಶಕಗಳ ಕಾಲ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದನ್ನು ಬೆಳಕಿಗೆ ತಂದಿತು. ಕಾಗದದ ಔಪಚಾರಿಕತೆಗಳ ಬಗ್ಗೆ ಈ ಮನುಷ್ಯನಿಗೆ ಎಷ್ಟು ಅಸಡ್ಡೆ ಇತ್ತು ಅನ್ನೋದಕ್ಕೆ ಇದೊಂದು ಸಾಕು. ಯಾರು ಏನನ್ನು ಮುಟ್ಟಬಹುದು ಎಂಬ ಲೆಕ್ಕದಲ್ಲಿ ಮಾತ್ರ ಅವರು ಯಾವ ಗ್ರಂಥಪಾಲಕನಿಗೂ ಕಡಿಮೆಯಿಲ್ಲದಷ್ಟು ಕಟ್ಟುನಿಟ್ಟು.

1967ರಲ್ಲೇ ಅವರು ಅಪ್ಪ ದುಡಿದ ಬೆಲ್ ಲ್ಯಾಬ್ಸ್ ಸೇರಿದ್ದರು. ಆಗ ಅಲ್ಲಿ ನಡೆಯುತ್ತಿದ್ದುದು ಮಲ್ಟಿಕ್ಸ್ ಎಂಬ ಭಾರೀ ಯೋಜನೆ. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಮೂರೂ ಸೇರಿ, ನೂರಾರು ಜನ ಒಂದೇ ಕಂಪ್ಯೂಟರನ್ನು ಒಟ್ಟಿಗೆ ಬಳಸುವಂಥ ವ್ಯವಸ್ಥೆ ಕಟ್ಟಲು ಹೊರಟಿದ್ದವು. ನೂರಾರು ಜನ ಒಂದೇ ಯಂತ್ರದಲ್ಲಿ ಅಂದಮೇಲೆ ಒಬ್ಬನ ಫೈಲ್ ಇನ್ನೊಬ್ಬ ಓದಬಾರದು, ಅಳಿಸಬಾರದು. ಇದಕ್ಕಾಗಿ ಮಲ್ಟಿಕ್ಸ್‌ನಲ್ಲಿ ಕೋಟೆಯ ಸುತ್ತುಗಳ ಹಾಗೆ ಒಂದರೊಳಗೊಂದು ರಕ್ಷಣಾ ವಲಯಗಳಿದ್ದವು. ಪ್ರತಿ ಫೈಲ್‌ಗೂ ಯಾರ್ಯಾರಿಗೆ ಏನೇನು ಹಕ್ಕು ಎಂಬ ಪಟ್ಟಿ ಇತ್ತು. ಯೋಚನೆ ಅದ್ಭುತ, ಕೆಲಸ ಮಾತ್ರ ಮುಗಿಯುತ್ತಿಲ್ಲ. 1969ರಲ್ಲಿ ಬೆಲ್ ಲ್ಯಾಬ್ಸ್ ಕೈಚೆಲ್ಲಿ ಹೊರಬಂತು.

ಅದೇ ವರ್ಷ ಥಾಂಪ್ಸನ್ ಮೂಲೆಯಲ್ಲಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ತಮ್ಮದೇ ವ್ಯವಸ್ಥೆಯೊಂದನ್ನು ಬರೆಯತೊಡಗಿದರು. ರಿಚಿ ಜೊತೆಯಾದರು. ಮುಂದೆ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಅರ್ಜಿಗಳನ್ನು ಟೈಪ್ ಮಾಡಿಕೊಡುವ ವ್ಯವಸ್ಥೆ ಕಟ್ಟುತ್ತೇವೆ ಅಂತ ಹೇಳಿ ಪಿಡಿಪಿ-11 ಯಂತ್ರ ಕೊಡಿಸಿಕೊಂಡರು. ಹೊಸ ಆಪರೇಟಿಂಗ್ ಸಿಸ್ಟಮ್ ಬರೆಯುತ್ತೇವೆ ಅಂದಿದ್ದರೆ, ಮಲ್ಟಿಕ್ಸ್‌ನಲ್ಲಿ ಕೈಸುಟ್ಟುಕೊಂಡ ಮೇಲಿನವರು ಒಪ್ಪುತ್ತಿರಲಿಲ್ಲ. 1971ರ ನವೆಂಬರ್ 3ರಂದು ಯುನಿಕ್ಸ್‌ನ ಮೊದಲ ಕೈಪಿಡಿ ಹೊರಬಂತು.

ಆ ಕೈಪಿಡಿಯಲ್ಲಿ ಇವತ್ತಿಗೂ ಸಿಸ್ಟಮ್ ಅಡ್ಮಿನ್‌ಗಳ ಬೆರಳ ತುದಿಯಲ್ಲಿರುವ ಸಿಎಚ್‌ಮಾಡ್ ಇದೆ. ಫೈಲ್‌ನ ಅನುಮತಿ ಬದಲಿಸುವ ಕಮಾಂಡ್ ಅದು. ಅದೇ ಹೆಸರಿನಲ್ಲಿ ಪ್ರೋಗ್ರಾಂ ಒಳಗಿನಿಂದಲೂ ಕರ್ನಲನ್ನು ಕರೆದು ಅನುಮತಿ ಬದಲಿಸಬಹುದು. ಮಲ್ಟಿಕ್ಸ್‌ನ ಉದ್ದನೆಯ ಪಟ್ಟಿಗಳೆಲ್ಲ ಇಲ್ಲಿ ಆರು ಬಿಟ್‌ಗಳಿಗೆ ಇಳಿದಿದ್ದವು. ಮಾಲೀಕ ಓದಬಹುದೇ, ಬರೆಯಬಹುದೇ. ಉಳಿದವರು ಓದಬಹುದೇ, ಬರೆಯಬಹುದೇ. ಈ ಫೈಲನ್ನು ಪ್ರೋಗ್ರಾಂ ಆಗಿ ಓಡಿಸಬಹುದೇ. ಅಲ್ಲಿಗೆ ಐದಾಯಿತು. ನಾವು ಈಗ 755, 644 ಅಂತ ಬರೆಯುವ ಗುಂಪು ಸಹಿತದ ಒಂಬತ್ತು ಬಿಟ್‌ಗಳ ಲೆಕ್ಕ ಬಂದದ್ದು ಆಮೇಲೆ. ಆರನೆಯ ಬಿಟ್ ರಿಚಿಯವರದು. ಹೆಸರು ಸೆಟ್ ಯೂಸರ್ ಐಡಿ. ಎಲ್ಲರ ಬಾಯಲ್ಲಿ ಸೆಟ್‌ಯುಐಡಿ.

ಇದರ ಕೆಲಸ ಅರ್ಥವಾಗಬೇಕಾದರೆ ಯುನಿಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದನ್ನು ಹೇಗೆ ಓಡಿಸುತ್ತದೆ ಅನ್ನೋದನ್ನು ನೋಡಬೇಕು. ಮೊದಲು ಫೋರ್ಕ್: ಓಡುತ್ತಿರುವ ಪ್ರೋಗ್ರಾಂ ತನ್ನದೇ ಒಂದು ನಕಲನ್ನು ಹುಟ್ಟಿಸುತ್ತದೆ. ಆಮೇಲೆ ಎಕ್ಸೆಕ್: ಆ ನಕಲು ತನ್ನ ಒಳಗಿದ್ದುದನ್ನೆಲ್ಲ ಚೆಲ್ಲಿ ಇನ್ನೊಂದು ಫೈಲ್‌ನಲ್ಲಿರುವ ಪ್ರೋಗ್ರಾಂ ಅನ್ನು ತುಂಬಿಕೊಳ್ಳುತ್ತದೆ. ವೇಷ ಬದಲಾದರೂ ಗುರುತು ಬದಲಾಗುವುದಿಲ್ಲ. ಓಡಿಸಿದವರು ಯಾರೋ ಅವರ ಹಕ್ಕುಗಳೇ ಹೊಸ ಪ್ರೋಗ್ರಾಂಗೂ ಅಂಟಿಕೊಂಡು ಬರುತ್ತವೆ. ಆದರೆ ಆ ಫೈಲ್ ಮೇಲೆ ಸೆಟ್‌ಯುಐಡಿ ಬಿಟ್ ಇದ್ದರೆ ಎಕ್ಸೆಕ್ ಆಗುವ ಕ್ಷಣದಲ್ಲಿ ಲೆಕ್ಕ ಬದಲಾಗುತ್ತದೆ. ಓಡಿಸಿದವನ ಹಕ್ಕಿನ ಬದಲು ಫೈಲ್‌ನ ಮಾಲೀಕನ ಹಕ್ಕು ಅದಕ್ಕೆ ಬರುತ್ತದೆ, ಅದು ಮುಗಿಯುವವರೆಗೆ ಮಾತ್ರ. ಮಲ್ಟಿಕ್ಸ್ ಇಡೀ ಕೋಟೆ ಕಟ್ಟಿ ಮಾಡಲು ಹೊರಟ ಕೆಲಸದ ದೊಡ್ಡ ಪಾಲು ಇಲ್ಲಿ ಒಂದು ಬಿಟ್‌ನಲ್ಲಿ ಮುಗಿಯಿತು.

ಥಾಂಪ್ಸನ್ ಮತ್ತು ರಿಚಿ 1974ರಲ್ಲಿ ಯುನಿಕ್ಸ್ ಕುರಿತು ಪ್ರಕಟಿಸಿದ ಹೆಸರಾಂತ ಲೇಖನದಲ್ಲಿ ಇದಕ್ಕೆ ಸಿಗುವ ಒಂದು ಉದಾಹರಣೆ ಬ್ಯಾಂಕಿನದ್ದೂ ಅಲ್ಲ, ಮಿಲಿಟರಿಯದ್ದೂ ಅಲ್ಲ, ಆಟದ್ದು. ಮೂ ಎಂಬ ಅಂಕಿ ಊಹಿಸುವ ಆಟವಿತ್ತು. ಆಡಿದವರ ಅಂಕ ಒಂದು ಫೈಲ್‌ನಲ್ಲಿ ದಾಖಲಾಗಬೇಕು. ಎಲ್ಲರಿಗೂ ಬರೆಯಲು ಬಿಟ್ಟರೆ ಎಲ್ಲರೂ ಶೂರರೇ. ಬಿಡದಿದ್ದರೆ ಯಾರ ಅಂಕವೂ ದಾಖಲಾಗದು. ಆಟಕ್ಕೆ ಮಾತ್ರ ಬರೆಯುವ ಹಕ್ಕು, ಆಟಗಾರನಿಗಿಲ್ಲ. ಸೆಟ್‌ಯುಐಡಿ ಇದನ್ನು ಸಲೀಸಾಗಿ ಬಗೆಹರಿಸಿತು. ಅಧಿಕಾರವನ್ನು ಮನುಷ್ಯನಿಗೆ ಕೊಡಬೇಡಿ, ಕೆಲಸಕ್ಕೆ ಕೊಡಿ ಅನ್ನೋದು ಅದರ ಹಿಂದಿನ ವಿಚಾರ. ರಾಜ್ಯಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ಚರ್ಚಿಸುವ ಸಮಸ್ಯೆಗೆ ಈ ಮನುಷ್ಯ ಒಂದು ಆಟದ ಸ್ಕೋರ್‌ಬೋರ್ಡ್ ಸಾಕು ಅಂದುಕೊಂಡದ್ದು ನನಗೆ ಇಷ್ಟ.

1973ರ ಜುಲೈನಲ್ಲಿ ಬೆಲ್ ಲ್ಯಾಬ್ಸ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿತು. ಸಮಯ ಚೆನ್ನಾಗಿರಲಿಲ್ಲ. ಹಿಂದಿನ ನವೆಂಬರ್‌ನಲ್ಲಷ್ಟೇ ಅಮೆರಿಕದ ಸುಪ್ರೀಂ ಕೋರ್ಟ್, ಬೆಲ್ ಲ್ಯಾಬ್ಸ್‌ನವರದ್ದೇ ಇನ್ನೊಂದು ಪ್ರಕರಣದಲ್ಲಿ, ಬರೀ ಲೆಕ್ಕಾಚಾರದ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂದು ತೀರ್ಪು ಕೊಟ್ಟಿತ್ತು. ಅದಕ್ಕೇ ಇರಬೇಕು, ರಿಚಿಯವರ ಅರ್ಜಿಯಲ್ಲಿ ಈ ಬಿಟ್ಟನ್ನು ಸರ್ಕ್ಯೂಟಿನ ರೂಪದಲ್ಲೂ ಬಿಡಿಸಿ ತೋರಿಸಲಾಗಿದೆ. ಸಾಫ್ಟ್‌ವೇರ್ ಅನ್ನೋ ಮಾತು ಬಂದರೆ ತಕರಾರು. ಯಂತ್ರ ಅಂದರೆ ನಡೆದೀತು. 1979ರ ಜನವರಿ 16ರಂದು 4135240ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು. ಆದರೆ ಅದರಿಂದ ಹಣ ಎತ್ತುವ ಗೋಜಿಗೆ ಹೋಗದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಮುಂದೆ ಯುನಿಕ್ಸ್ ವಂಶದಲ್ಲಿ ಹುಟ್ಟಿದ ಬಿಎಸ್‌ಡಿ, ಲಿನಕ್ಸ್ ಎಲ್ಲವೂ ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಬಳಸಿಕೊಳ್ಳಲು ಸಾಧ್ಯವಾದದ್ದು ಹೀಗೆ.

ಈ ನಡುವೆ ಅವರು ಸಿ ಭಾಷೆ ಕಟ್ಟಿದ್ದರು. ಥಾಂಪ್ಸನ್ ಅವರ ಬಿ ಎಂಬ ಭಾಷೆಗೆ ರಿಚಿ ಡೇಟಾ ಟೈಪ್‌ಗಳನ್ನು ಸೇರಿಸುತ್ತಾ ಹೋಗಿ ಅದು ಹೊಸ ಭಾಷೆಯೇ ಆಯಿತು. 1973ರಲ್ಲಿ ಯುನಿಕ್ಸ್‌ನ ಕರ್ನಲ್ ಸಿ ಭಾಷೆಯಲ್ಲಿ ಮತ್ತೆ ಬರೆಸಿಕೊಂಡಿತು. 1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಬರೆದ ಪುಸ್ತಕ ಬಂತು. ಆ ಕಥೆ ಎಲ್ಲರಿಗೂ ಗೊತ್ತಿರೋದೇ, ಇಲ್ಲಿ ಬೆಳೆಸುವುದಿಲ್ಲ. ನಮಗೆ ಬೇಕಾದ ಒಂದು ಸಂಗತಿ ಮಾತ್ರ ನೆನಪಿಟ್ಟುಕೊಳ್ಳಿ: ಹತ್ತು ಮನೆಗಳ ಸಾಲಿನಲ್ಲಿ ಹನ್ನೊಂದನೇ ಮನೆಯ ಬಾಗಿಲು ತಟ್ಟಿದರೆ ಸಿ ತಡೆಯುವುದಿಲ್ಲ. ಅಲ್ಲಿ ಏನಿದೆಯೋ ಅದನ್ನೇ ತಂದುಕೊಡುತ್ತದೆ. ಪ್ರೋಗ್ರಾಂ ಬರೆಯುವವನಿಗೆ ತಾನೇನು ಮಾಡುತ್ತಿದ್ದೇನೆ ಅಂತ ಗೊತ್ತಿದೆ ಎಂಬ ನಂಬಿಕೆ ಅದಕ್ಕೆ.

ಗುಮಾಸ್ತ ಹಾದಿ ತಪ್ಪಬಹುದು ಅಂತ ರಿಚಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯ ದಾಖಲೆಗಳಲ್ಲಿ ಭದ್ರತೆಯ ಕುರಿತ ಅವರದೊಂದು ಪುಟ್ಟ ಲೇಖನವಿದೆ. ತಮ್ಮದೇ ಸೃಷ್ಟಿಯ ಬಗ್ಗೆ ಅಷ್ಟು ನಿರ್ದಾಕ್ಷಿಣ್ಯವಾಗಿ ಬರೆದವರು ಕಡಿಮೆ. ಯುನಿಕ್ಸನ್ನು ಭದ್ರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಲ್ಲ, ಆದ್ದರಿಂದ ಕಂಡಿಗಳು ಇದ್ದೇ ಇರುತ್ತವೆ ಎಂದು ಶುರುವಿನಲ್ಲೇ ಒಪ್ಪಿಕೊಳ್ಳುತ್ತಾರೆ. ಸೆಟ್‌ಯುಐಡಿ ವಿಷಯಕ್ಕೆ ಬಂದಾಗ, ಇದನ್ನು ಎಚ್ಚರದಿಂದ ಬಳಸದಿದ್ದರೆ ಭದ್ರತೆಯ ಮಾತೇ ಇಲ್ಲ ಎನ್ನುತ್ತಾರೆ. ಮೊದಲ ಎಚ್ಚರಿಕೆ ತೀರಾ ಸರಳ. ಆ ಬಿಟ್ ಇರುವ ಫೈಲನ್ನು ಬೇರೆಯವರು ಬರೆಯುವಂತೆ ಬಿಟ್ಟರೆ, ಅದರ ಮೇಲೆ ಬೇರೊಂದು ಪ್ರೋಗ್ರಾಂ ತಂದು ಸುರಿಯಬಹುದು. ಗುಮಾಸ್ತನ ಕುರ್ಚಿ, ಮೊಹರು ಎಲ್ಲ ಅಲ್ಲೇ ಇರುತ್ತದೆ. ಕೂತವನು ಮಾತ್ರ ಬೇರೆ. ಕೆಲಸ ಆಗುತ್ತಿಲ್ಲ ಅಂದಾಗಲೆಲ್ಲ ಕಣ್ಣುಮುಚ್ಚಿ 777 ಕೊಡುವ ನಮ್ಮ ಕಾಲದ ಅಭ್ಯಾಸವನ್ನು ಅವರು ಆಗಲೇ ಕಂಡಿದ್ದರೇನೋ ಅನ್ನಿಸುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ಮರುವರ್ಷ ಅವರು ಎಡವಿದರು. ಆ ಎಡವಿದ್ದು ಕೂಡ ಒಂದು ಒಳ್ಳೆಯ ಕೆಲಸ ಮಾಡುವಾಗಲೇ.

ಸ್ಕ್ರಿಪ್ಟ್ ಅಂದ್ರೆ ಕಮಾಂಡ್‌ಗಳ ಸಾಲುಗಳಿರುವ ಸಾದಾ ಪಠ್ಯದ ಫೈಲ್. ಯಂತ್ರಕ್ಕೆ ಅದು ನೇರವಾಗಿ ಅರ್ಥವಾಗದು, ಓದಿ ನಡೆಸಲು ಶೆಲ್ ಬೇಕು. ಆವರೆಗೆ ಒಂದು ಪ್ರೋಗ್ರಾಂ ಎಕ್ಸೆಕ್ ಮೂಲಕ ಸ್ಕ್ರಿಪ್ಟ್ ಓಡಿಸಲು ಹೋದರೆ ಕರ್ನಲ್ ಆಗದು ಅನ್ನುತ್ತಿತ್ತು. ನೀವು ಶೆಲ್‌ನಲ್ಲಿ ಹೆಸರು ಟೈಪ್ ಮಾಡಿದಾಗ ಅದು ಓಡುತ್ತಿದ್ದದ್ದು, ಕರ್ನಲ್ ನಿರಾಕರಿಸಿದ ಮೇಲೆ ಶೆಲ್ ತಾನೇ ಫೈಲ್ ತೆರೆದು ಓದುತ್ತಿದ್ದುದರಿಂದ. 1980ರ ಜನವರಿ 10ರ ಒಂದು ಮೇಲ್‌ನಲ್ಲಿ ರಿಚಿ ಸಹೋದ್ಯೋಗಿಗಳಿಗೆ ಬದಲಾವಣೆ ತಿಳಿಸಿದರು. ಫೈಲ್‌ನ ಮೊದಲ ಎರಡು ಅಕ್ಷರ #! ಆಗಿದ್ದರೆ, ಆ ಸಾಲಿನಲ್ಲಿ ಹೆಸರಿಸಿದ ಪ್ರೋಗ್ರಾಂ ಅನ್ನು ಕರ್ನಲ್ಲೇ ಎಬ್ಬಿಸಿ ಈ ಫೈಲನ್ನು ಅದರ ಕೈಗೆ ಕೊಡುತ್ತದೆ. ಇವತ್ತು ಪೈಥಾನ್, ಬ್ಯಾಷ್, ಪರ್ಲ್ ಯಾವುದೇ ಸ್ಕ್ರಿಪ್ಟಿನ ನೆತ್ತಿಯ ಮೇಲೆ ಕಾಣುವ ಸಾಲು ಅದೇ. ಇದರ ಲಾಭಗಳನ್ನು ಅವರು ಪಟ್ಟಿ ಮಾಡಿದ್ದರು. ಸ್ಕ್ರಿಪ್ಟ್‌ಗಳೂ ನಿಜವಾದ ಪ್ರೋಗ್ರಾಂಗಳ ಹಾಗೆ ಆಗುತ್ತವೆ, ಬೇರೆ ಶೆಲ್ ಬೇಕಾದವರಿಗೆ ಅನುಕೂಲ, ಇತ್ಯಾದಿ. ಮೂರನೆಯ ಲಾಭ: ಸ್ಕ್ರಿಪ್ಟ್‌ಗಳಿಗೂ ಸೆಟ್‌ಯುಐಡಿ ಬಿಟ್ ಹಾಕಬಹುದು.

ಮುಳುವಾದದ್ದು ಈ ಮೂರನೆಯದು. ಯಾಕೆಂದರೆ ಇಲ್ಲಿ ಫೈಲ್ ಎರಡು ಬಾರಿ ತೆರೆಯುತ್ತದೆ. ಮೊದಲ ಸಲ ಕರ್ನಲ್ ತೆರೆದು, ಬಿಟ್ ನೋಡಿ, ಶೆಲ್‌ಗೆ ಮಾಲೀಕನ ಅಧಿಕಾರ ಕೊಟ್ಟು, ಫೈಲ್‌ನ ಹೆಸರನ್ನಷ್ಟೇ ಹೇಳಿ ಕಳಿಸುತ್ತದೆ. ಶೆಲ್ ಆ ಹೆಸರು ಹಿಡಿದು ಎರಡನೆಯ ಸಲ ತೆರೆಯುತ್ತದೆ. ಈ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೂ ಸಮಯವಿಲ್ಲ, ಆದರೆ ಚಾಲಾಕಿ ಕೈಗೆ ಅಷ್ಟು ಸಾಕು. ಆ ಹೆಸರು ತೋರಿಸುವ ಜಾಗದಲ್ಲಿ ತನ್ನ ಸ್ವಂತ ಸ್ಕ್ರಿಪ್ಟ್ ತಂದಿಟ್ಟರೆ, ಶೆಲ್ ಅದನ್ನು ಮಾಲೀಕನ ಅಧಿಕಾರದಲ್ಲಿ ನಿಷ್ಠೆಯಿಂದ ನಡೆಸಿಕೊಡುತ್ತದೆ. ಅರ್ಜಿ ನೋಡಿ ಸಹಿ ಹಾಕಿದವರು ಒಬ್ಬರು, ಟಪಾಲಿನಲ್ಲಿ ಅರ್ಜಿ ಬದಲಾದದ್ದು ಗೊತ್ತಾಗದೆ ಕೆಲಸ ಮಾಡಿದವರು ಇನ್ನೊಬ್ಬರು. ಹೀಗಾಗಿ ಇಂದಿನ ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್‌ಗೆ ಸೆಟ್‌ಯುಐಡಿ ಬಿಟ್ ಹಾಕಿದರೂ ಕರ್ನಲ್ ಅದನ್ನು ಕಂಡೂ ಕಾಣದ ಹಾಗಿರುತ್ತದೆ. ಹೊಸಬರು ಗಂಟೆಗಟ್ಟಲೆ ತಲೆಕೆಡಿಸಿಕೊಳ್ಳುವ ವಿಷಯ ಇದು. ಬಿಟ್ ಕಾಣುತ್ತದೆ, ಕೆಲಸ ಮಾಡುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಸುತ್ತು ದಾರಿಯೊಂದಿದೆ ಅಂತ ಕೆಲವರು ಸಿ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಅದಕ್ಕೆ ಬಿಟ್ ಹಾಕಿ, ಒಳಗಿನಿಂದ ಸಿಸ್ಟಮ್ ಎಂಬ ಫಂಕ್ಷನ್ ಕರೆದು ಸ್ಕ್ರಿಪ್ಟ್ ಓಡಿಸುತ್ತಾರೆ. ಅದು ಇನ್ನೂ ಅಪಾಯ. ಸಿಸ್ಟಮ್ ಎಂಬುದು ಕೊಟ್ಟ ಸಾಲನ್ನು ಶೆಲ್‌ಗೆ ಒಪ್ಪಿಸುತ್ತದೆ. ಶೆಲ್ ಯಾವ ಕಮಾಂಡ್ ಎಲ್ಲಿದೆ ಅಂತ ಹುಡುಕುವುದು ಪಾತ್ ಎಂಬ ದಾರಿಪಟ್ಟಿ ನೋಡಿ. ಆ ಪಟ್ಟಿ ಬರೆದಿರುವವನು ಓಡಿಸುತ್ತಿರುವ ಬಳಕೆದಾರ. ಅವನು ಪಟ್ಟಿಯ ತಲೆಗೆ ತನ್ನ ಫೋಲ್ಡರ್ ಸೇರಿಸಿ, ಅದರೊಳಗೆ ಅದೇ ಹೆಸರಿನ ನಕಲಿ ಕಮಾಂಡ್ ಇಟ್ಟರೆ ಮುಗಿಯಿತು. ಕಾರ್ಯಕ್ರಮ ಬರೆದವರು ಯಾರದೋ ಮೇಲೆ ಇಟ್ಟ ನಂಬಿಕೆ, ದೋಚಿಕೊಂಡು ಹೋದವರು ಇನ್ಯಾರೋ. ಲಿನಕ್ಸ್‌ನ ಕೈಪಿಡಿಯಲ್ಲೇ ಇಂಥ ಪ್ರೋಗ್ರಾಂಗಳಲ್ಲಿ ಸಿಸ್ಟಮ್ ಬಳಸಬೇಡಿ ಎಂಬ ಎಚ್ಚರಿಕೆ ಇದೆ. ಪೂರ್ತಿ ವಿಳಾಸ ಕೊಟ್ಟು, ಪರಿಸರದ ವೇರಿಯೇಬಲ್‌ಗಳನ್ನು ತೊಳೆದು, ನೇರ ಎಕ್ಸೆಕ್ ಮಾಡಬೇಕು.

ರಿಚಿ ಪ್ರಶಸ್ತಿಗಳಿಗೆ ಕೊರತೆ ಇಲ್ಲದೆ ಬದುಕಿದರು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, ಮುಂದೆ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. ಇವುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಪ್ಲಾನ್ 9. ಬೆಲ್ ಲ್ಯಾಬ್ಸ್‌ನ ಅದೇ ಗುಂಪು ಎಂಬತ್ತರ ದಶಕದ ಕೊನೆಯಿಂದ ಯುನಿಕ್ಸ್ ನಂತರ ಏನು ಅಂತ ಯೋಚಿಸಿ ಕಟ್ಟಿದ ವ್ಯವಸ್ಥೆ ಅದು. ರಿಚಿ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಅದರಲ್ಲಿ ಎಲ್ಲ ಬಲ್ಲ ರೂಟ್ ಬಳಕೆದಾರನೂ ಇಲ್ಲ, ಸೆಟ್‌ಯುಐಡಿ ಬಿಟ್ಟೂ ಇಲ್ಲ. ತಾನು ಪೇಟೆಂಟ್ ಪಡೆದ ಉಪಾಯವನ್ನು ತನ್ನ ಮನೆಯಲ್ಲೇ ಕೈಬಿಡುವುದನ್ನು ನೋಡಿಯೂ ಅಡ್ಡಬಾರದ ದೊಡ್ಡತನ ಎಷ್ಟು ಜನಕ್ಕಿರುತ್ತೆ? ಆದರೆ ಜಗತ್ತು ಪ್ಲಾನ್ 9 ಕಡೆಗೆ ಹೋಗಲಿಲ್ಲ. ಹಳೆಯ ಯುನಿಕ್ಸ್ ದಾರಿಯಲ್ಲೇ ಉಳಿಯಿತು.

2007ರಲ್ಲಿ ಅವರು ನಿವೃತ್ತರಾದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್‌ಲಿ ಹೈಟ್ಸ್‌ನ ಮನೆಯಲ್ಲಿ ಅವರ ಶವ ಸಿಕ್ಕಿತು. ಒಬ್ಬರೇ ಇದ್ದರು, ವಯಸ್ಸು 70, ಕೆಲ ಕಾಲದಿಂದ ಆರೋಗ್ಯ ಸರಿಯಿರಲಿಲ್ಲ. ಒಂದು ವಾರದ ಹಿಂದೆ, ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಜಗತ್ತಿನ ಪತ್ರಿಕೆಗಳ ಮುಖಪುಟಗಳು ಅಷ್ಟರಲ್ಲಿ ದಣಿದಿದ್ದವು. ಜಾಬ್ಸ್ ಮಾರಿದ ಐಫೋನ್, ಮ್ಯಾಕ್ ಎರಡರ ಒಳಗೂ ಯುನಿಕ್ಸ್ ವಂಶದ ವ್ಯವಸ್ಥೆಯೇ ಓಡುತ್ತಿತ್ತು, ಆದರೆ ರಿಚಿ ತೀರಿಕೊಂಡ ಸುದ್ದಿ ಹರಡಿದ್ದು ಹೆಚ್ಚಾಗಿ ಅವರ ಹಳೆಯ ಸಹೋದ್ಯೋಗಿ ರಾಬ್ ಪೈಕ್ ಬರೆದ ಒಂದು ಪುಟ್ಟ ಪೋಸ್ಟ್‌ನಿಂದ.

ಗುಮಾಸ್ತನ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಿಚಿ ಸಾಯುವ ಮೂರು ತಿಂಗಳ ಹಿಂದೆ, 2011ರ ಜುಲೈನಲ್ಲಿ, ಸುಡೊ ಎಂಬ ಪ್ರೋಗ್ರಾಂ ಒಳಗೆ ಒಂದು ತಪ್ಪು ಸೇರಿಕೊಂಡಿತ್ತು. ಲಿನಕ್ಸ್ ಯಂತ್ರಗಳಲ್ಲಿ ರೂಟ್ ಅಧಿಕಾರವನ್ನು ಎರವಲು ಕೊಡುವ, ಸೆಟ್‌ಯುಐಡಿ ಬಿಟ್ ಹೊತ್ತ ಅತಿ ಪ್ರಸಿದ್ಧ ಪ್ರೋಗ್ರಾಂ ಅದು. ತಪ್ಪು ಬಯಲಾದದ್ದು 2021ರ ಜನವರಿಯಲ್ಲಿ, ಕ್ವಾಲಿಸ್ ಎಂಬ ಕಂಪನಿಯ ಸಂಶೋಧಕರಿಂದ. ಮರುವರ್ಷ ಜನವರಿ 25ಕ್ಕೆ ಅವರೇ ಇನ್ನೊಂದನ್ನು ಹೊರಗೆಳೆದರು. ಪಿಕೆಎಕ್ಸೆಕ್ ಎಂಬ ಅಂಥದೇ ಪ್ರೋಗ್ರಾಂನಲ್ಲಿ 2009ರಿಂದಲೂ ಕೂತಿದ್ದ ತಪ್ಪು. ಇದು ರಿಚಿಯವರ ಎರಡು ಸೃಷ್ಟಿಗಳು ಕೈಕೈ ಹಿಡಿದು ಮಾಡಿದ ಅನಾಹುತ. ಎಕ್ಸೆಕ್ ಮಾಡುವಾಗ ಹೊಸ ಪ್ರೋಗ್ರಾಂಗೆ ಒಂದು ಪದಪಟ್ಟಿ ಕೊಡುವುದು ವಾಡಿಕೆ, ಮೊದಲ ಪದ ಪ್ರೋಗ್ರಾಂನದೇ ಹೆಸರು. ಅದು ವಾಡಿಕೆ ಮಾತ್ರ, ಕಡ್ಡಾಯವಲ್ಲ. ದಾಳಿ ಮಾಡುವವನು ಖಾಲಿ ಪಟ್ಟಿ ಕೊಟ್ಟು ಪಿಕೆಎಕ್ಸೆಕ್ ಓಡಿಸಿದರೆ, ಅದು ಒಂದಾದರೂ ಪದ ಇದ್ದೇ ಇರುತ್ತೆ ಅಂತ ನಂಬಿ ಮುಂದಿನ ಮನೆಯ ಬಾಗಿಲು ತಟ್ಟುತ್ತಿತ್ತು. ಸಿ ತಡೆಯಲಿಲ್ಲ. ಪಕ್ಕದ ಮನೆಯಲ್ಲಿ ಇದ್ದದ್ದು ದಾಳಿಕೋರನೇ ಬರೆದಿಟ್ಟ ಪರಿಸರದ ವೇರಿಯೇಬಲ್‌ಗಳು. ಕೈಯಲ್ಲಿ ರೂಟ್ ಅಧಿಕಾರ. ಉಳಿದದ್ದನ್ನು ನೀವೇ ಊಹಿಸಿ.

ಇದಾದ ಮೇಲೆ ಲಿನಕ್ಸ್ ಕರ್ನಲ್ 5.18ರಿಂದ ಯಾರಾದರೂ ಖಾಲಿ ಪಟ್ಟಿ ಕೊಟ್ಟು ಎಕ್ಸೆಕ್ ಮಾಡಿದರೆ, ಕರ್ನಲ್ ತಾನೇ ಅದರೊಳಗೆ ಒಂದು ಖಾಲಿ ಪದವನ್ನು ಸೇರಿಸಿ ಮುಂದಕ್ಕೆ ಕಳಿಸುತ್ತದೆ. 2024ರಲ್ಲಿ ಬಂದ ಸಿಸ್ಟಮ್‌ಡಿ 256ನೇ ಆವೃತ್ತಿಯಲ್ಲಿ ಸುಡೊ ಮಾಡುವ ಕೆಲಸವನ್ನು ಸೆಟ್‌ಯುಐಡಿ ಇಲ್ಲದೆಯೇ ಮಾಡುವ ರನ್‌ಜೀರೊ ಸೇರಿದೆ. ಪಾಸ್‌ವರ್ಡ್ ಬದಲಿಸುವ ಕಮಾಂಡ್ ಮಾತ್ರ ಬಹುತೇಕ ಯಂತ್ರಗಳಲ್ಲಿ ಇನ್ನೂ ಹಳೆಯ ಬಿಟ್ ಹೊತ್ತುಕೊಂಡೇ ಕೂತಿದೆ.